ಪ್ರೊಬೇಷನರಿ ಅಧಿಕಾರಿಯಿಂದ ಅಧ್ಯಕ್ಷ ಪೀಠಕ್ಕೆ: ಸ್ಟೇಟ್ ಬ್ಯಾಂಕಿನಲ್ಲಿ 36 ವರ್ಷಗಳ ಏರುದಾರಿ

2013ರ ಅಕ್ಟೋಬರ್ 7ರಂದು ಅರುಂಧತಿ ಭಟ್ಟಾಚಾರ್ಯ ಭಾರತೀಯ ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡರು. 1806ರಲ್ಲಿ ಬ್ಯಾಂಕ್ ಆಫ್ ಕಲ್ಕತ್ತಾ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಗೆ ಆಗ 207 ವರ್ಷ. ಅಷ್ಟು ದೀರ್ಘ ಕಾಲದಲ್ಲಿ ಅದರ ಅತ್ಯುನ್ನತ ಹುದ್ದೆಗೆ ಬಂದ ಮೊದಲ ಮಹಿಳೆ ಅವರು. ಹೊರಗಿನಿಂದ ಕರೆತಂದು ಕೂರಿಸಿದವರಲ್ಲ. 1977ರಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿ, 36 ವರ್ಷ ಅದೇ ಬ್ಯಾಂಕಿನಲ್ಲಿ ದುಡಿದು ಮೇಲೆ ಬಂದವರು. ಆದ್ದರಿಂದ ಅವರ ಏಳಿಗೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಬ್ಬ ವ್ಯಕ್ತಿಯ ಸಾಮರ್ಥ್ಯದಷ್ಟೇ ಆ ಬ್ಯಾಂಕು ಅಧಿಕಾರಿಗಳನ್ನು ಆಯ್ದುಕೊಂಡ, ಊರೂರು ಸುತ್ತಿಸಿದ, ಬಡ್ತಿ ಕೊಟ್ಟ ಬಗೆಯನ್ನೂ ನೋಡಬೇಕಾಗುತ್ತದೆ. ಸರ್ಕಾರಿ ಬ್ಯಾಂಕಿನ ಅದೇ ಏಣಿ ಮಹಿಳೆಯೊಬ್ಬರನ್ನು ತುದಿಗೆ ಮುಟ್ಟಿಸಿತು. ಅಷ್ಟು ತಡವಾದದ್ದಕ್ಕೆ ಕಾರಣವೂ ಅದೇ ಏಣಿ.

ಬ್ಯಾಂಕ್ ಆಫ್ ಕಲ್ಕತ್ತಾ 1809ರಲ್ಲಿ ಬ್ಯಾಂಕ್ ಆಫ್ ಬೆಂಗಾಲ್ ಆಯಿತು. 1840ರಲ್ಲಿ ಬ್ಯಾಂಕ್ ಆಫ್ ಬಾಂಬೆ, 1843ರಲ್ಲಿ ಬ್ಯಾಂಕ್ ಆಫ್ ಮದ್ರಾಸ್ ಸ್ಥಾಪನೆಯಾದವು. ಪ್ರೆಸಿಡೆನ್ಸಿ ಬ್ಯಾಂಕುಗಳೆಂದು ಹೆಸರಾದ ಈ ಮೂರೂ 1921ರ ಜನವರಿಯಲ್ಲಿ ಒಂದಾಗಿ ಇಂಪೀರಿಯಲ್ ಬ್ಯಾಂಕ್ ಆಫ್ ಇಂಡಿಯಾ ಆದವು. ಸರ್ಕಾರದ ಹಣವನ್ನು ನೋಡಿಕೊಳ್ಳುವ, ದೊಡ್ಡ ವರ್ತಕರಿಗೆ ಸಾಲ ಕೊಡುವ ಬ್ಯಾಂಕು ಅದು. ಅಧಿಕಾರಿ ವರ್ಗದ ಮೇಲಿನ ಹುದ್ದೆಗಳು ಬಹುಕಾಲ ಯುರೋಪಿಯನ್ನರ ಕೈಯಲ್ಲಿದ್ದವು. ಭಾರತೀಯ ಪುರುಷರಿಗೂ ಅಲ್ಲಿ ಅಧಿಕಾರಿಯ ಕುರ್ಚಿ ಸುಲಭವಾಗಿ ಸಿಕ್ಕಿದ್ದಲ್ಲ ಎಂಬುದನ್ನು ನೆನಪಿಡಬೇಕು. ಮೊದಲು ತೆರೆಯಬೇಕಾಗಿದ್ದದ್ದು ಜನಾಂಗದ ಬಾಗಿಲು. ಲಿಂಗದ ಬಾಗಿಲಿನ ಮಾತು ಬಂದದ್ದು ಆಮೇಲೆ.

1951ರಲ್ಲಿ ನೇಮಕವಾದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿ, ಎ. ಡಿ. ಗೋರವಾಲಾ ಅವರ ಅಧ್ಯಕ್ಷತೆಯಲ್ಲಿ, ಹಳ್ಳಿಗಳಿಗೆ ಬ್ಯಾಂಕಿನ ಸಾಲ ತಲುಪುತ್ತಲೇ ಇಲ್ಲವೆಂದು ಕಂಡುಕೊಂಡಿತು. ಇಂಪೀರಿಯಲ್ ಬ್ಯಾಂಕನ್ನು ಸರ್ಕಾರದ ಹತೋಟಿಗೆ ತಂದು ದೇಶದ ಉದ್ದಗಲಕ್ಕೂ ಶಾಖೆಗಳನ್ನು ತೆರೆಯಬೇಕೆಂಬ ಅದರ ಶಿಫಾರಸಿನ ಫಲವಾಗಿ 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಅಸ್ತಿತ್ವಕ್ಕೆ ಬಂತು. ಮೊದಲ ಅಧ್ಯಕ್ಷರು ಜಾನ್ ಮಥಾಯಿ. ಐದು ವರ್ಷದಲ್ಲಿ 400 ಹೊಸ ಶಾಖೆಗಳನ್ನು ತೆರೆಯಬೇಕೆಂಬುದು ಹೊಸ ಬ್ಯಾಂಕಿನ ಮೇಲೆ ಹೊರಿಸಿದ ಮೊದಲ ಹೊಣೆ. ಹಿಂದಿನ ಸಂಸ್ಥಾನಗಳ ಬ್ಯಾಂಕುಗಳನ್ನು ಅಂಗಸಂಸ್ಥೆಗಳನ್ನಾಗಿ ಮಾಡುವ ಕಾಯಿದೆ 1959ರಲ್ಲಿ ಬಂತು. ಅದರಂತೆ 1960ರಲ್ಲಿ ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಾಯಿತು.

1969ರ ಜುಲೈ 19ರಂದು 14 ಖಾಸಗಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅವುಗಳಲ್ಲಿ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಕರಾವಳಿ ಕರ್ನಾಟಕದಲ್ಲಿ ಹುಟ್ಟಿದವು. 1980ರಲ್ಲಿ ಇನ್ನೂ ಆರು ಬ್ಯಾಂಕುಗಳು ಸೇರಿದಾಗ ಅದೇ ನೆಲದ ಕಾರ್ಪೊರೇಷನ್ ಬ್ಯಾಂಕ್ ಮತ್ತು ವಿಜಯಾ ಬ್ಯಾಂಕ್ ಕೂಡ ಸರ್ಕಾರಿ ಬ್ಯಾಂಕುಗಳಾದವು. ರಾಷ್ಟ್ರೀಕರಣದ ಬಗ್ಗೆ ಅರ್ಥಶಾಸ್ತ್ರಜ್ಞರು ಇಂದಿಗೂ ವಾದ ಮಾಡುತ್ತಾರೆ. ಆದರೆ ಮಹಿಳೆಯರ ಮಟ್ಟಿಗೆ ಅದರ ಒಂದು ಪರಿಣಾಮ ಸ್ಪಷ್ಟ. ಶಾಖೆಗಳು ನೂರಾರು ಸಂಖ್ಯೆಯಲ್ಲಿ ತೆರೆದಂತೆ ಸಿಬ್ಬಂದಿಯ ಅಗತ್ಯ ಬೆಳೆಯಿತು. ಅಷ್ಟು ಜನರನ್ನು ಪರಿಚಯ, ಜಾತಿ, ಶಿಫಾರಸು ನೋಡಿ ತುಂಬಿಕೊಳ್ಳುವುದು ಸಾಧ್ಯವಿರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು, ಲಿಖಿತ ಪರೀಕ್ಷೆ, ಸಂದರ್ಶನ ಎಂಬ ಕ್ರಮ ಗಟ್ಟಿಯಾಯಿತು. ಉತ್ತರ ಪತ್ರಿಕೆಯ ಮೇಲೆ ಇದ್ದದ್ದು ನೋಂದಣಿ ಸಂಖ್ಯೆ ಮಾತ್ರ. ಬ್ಯಾಂಕಿನಲ್ಲಿ ಯಾರೂ ಪರಿಚಯವಿಲ್ಲದ ಮನೆಯ ಹೆಣ್ಣುಮಗಳು ಅಧಿಕಾರಿಯಾಗುವುದಕ್ಕೆ ದಾರಿಯಾದದ್ದು ಈ ಪರೀಕ್ಷೆ.

ಅದಕ್ಕೂ ಮೊದಲೇ ಕರ್ನಾಟಕದಲ್ಲಿ ಒಂದು ಗಮನಾರ್ಹ ಪ್ರಯೋಗ ನಡೆದಿತ್ತು. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಗಿ, ಮನೆ ಮನೆಗೆ ಹೋಗಿ ಪುಡಿಗಾಸು ಸಂಗ್ರಹಿಸುವ ಪಿಗ್ಮಿ ಯೋಜನೆಯಿಂದ ಹೆಸರಾದ ಸಿಂಡಿಕೇಟ್ ಬ್ಯಾಂಕ್, 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಪೂರ್ತಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆಯಿತು. ಮ್ಯಾನೇಜರರಿಂದ ಹಿಡಿದು ಕ್ಯಾಶ್ ಕೌಂಟರಿನವರೆಗೆ ಮಹಿಳೆಯರೇ. ನಗದು ಎಣಿಸುವುದು, ಲೆಡ್ಜರ್ ತಾಳೆ ಹಾಕುವುದು, ಸಾಲದ ಅರ್ಜಿ ನೋಡುವುದು ಗಂಡಸರ ಕೆಲಸವೆಂಬ ನಂಬಿಕೆಯನ್ನು ಆ ಶಾಖೆ ದಿನನಿತ್ಯದ ಕೆಲಸದಿಂದಲೇ ಅಲುಗಾಡಿಸಿತು. ಆ ನೆಲದಲ್ಲಿ ಇಂಥದ್ದಕ್ಕೆ ಹಿನ್ನೆಲೆಯೂ ಇತ್ತು. 1906ರಲ್ಲಿ ಕೆನರಾ ಬ್ಯಾಂಕನ್ನು ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈ ಅದಕ್ಕೂ ಮುಂಚೆ, 1894ರಲ್ಲಿ, ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸಿದ್ದರು. ಆದರೂ ಮಹಿಳೆಯರ ಶಾಖೆಯೆಂಬುದು ಒಂದು ಕೌಂಟರಿನ ಹಿಂದೆ ಅವರಿಗೆ ಜಾಗ ಕೊಟ್ಟಿತೇ ಹೊರತು ಆಡಳಿತ ಕಚೇರಿಗೆ ಹತ್ತುವ ಮೆಟ್ಟಿಲನ್ನು ತಾನಾಗಿ ಒದಗಿಸಲಿಲ್ಲ.

1970ರ ದಶಕದ ಸರ್ಕಾರಿ ನೌಕರಿಯ ವಾತಾವರಣ ಹೇಗಿತ್ತೆಂಬುದಕ್ಕೆ ಕೊಡಗಿನ ಸಿ. ಬಿ. ಮುತ್ತಮ್ಮನವರ ಮೊಕದ್ದಮೆ ಒಳ್ಳೆಯ ಸಾಕ್ಷಿ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯ ನಿಯಮದಂತೆ ಮಹಿಳಾ ಅಧಿಕಾರಿ ಮದುವೆಯಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು; ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಬೇಕಿತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಪೀಠ ಇಂಥ ನಿಯಮಗಳಲ್ಲಿದ್ದ ತಾರತಮ್ಯವನ್ನು ಕಟುವಾಗಿ ಖಂಡಿಸಿತು. ಆ ತೀರ್ಪು ಬರುವುದಕ್ಕೆ ಎರಡು ವರ್ಷ ಮುಂಚೆ, 1977ರ ಸೆಪ್ಟೆಂಬರಿನಲ್ಲಿ, ಅರುಂಧತಿ ಸ್ಟೇಟ್ ಬ್ಯಾಂಕಿಗೆ ಸೇರಿದ್ದರು.

1956ರ ಮಾರ್ಚ್ 18ರಂದು ಕೋಲ್ಕತ್ತದಲ್ಲಿ ಹುಟ್ಟಿದ ಅವರ ಬಾಲ್ಯ ಕಳೆದದ್ದು ಭಿಲಾಯಿ ಮತ್ತು ಬೊಕಾರೊ ಎಂಬ ಉಕ್ಕಿನ ಊರುಗಳಲ್ಲಿ. ತಂದೆ ಉಕ್ಕಿನ ಕಾರ್ಖಾನೆಯ ಎಂಜಿನಿಯರ್; ತಾಯಿ ಹೋಮಿಯೋಪಥಿ ಚಿಕಿತ್ಸೆ ನೀಡುತ್ತಿದ್ದವರು. ಕೋಲ್ಕತ್ತದ ಲೇಡಿ ಬ್ರೇಬರ್ನ್ ಕಾಲೇಜು ಮತ್ತು ಜಾದವಪುರ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. ವಾಣಿಜ್ಯವನ್ನಾಗಲಿ ಲೆಕ್ಕಶಾಸ್ತ್ರವನ್ನಾಗಲಿ ಕಾಲೇಜಿನಲ್ಲಿ ಕಲಿತವರಲ್ಲ. ಪ್ರೊಬೇಷನರಿ ಅಧಿಕಾರಿಯ ಪರೀಕ್ಷೆಗೆ ಯಾವ ವಿಷಯದ ಪದವೀಧರರಾದರೂ ಕೂರಬಹುದಿತ್ತು, ಬ್ಯಾಂಕಿಂಗ್ ಕಲಿಸುವ ಹೊಣೆ ಬ್ಯಾಂಕಿನದೇ ಆಗಿತ್ತು. ಸೇರಿದಾಗ ಅವರಿಗೆ 21 ವರ್ಷ. ಈ ವಯಸ್ಸು ಮುಂದೆ ಎಷ್ಟು ಮುಖ್ಯವಾಯಿತೆಂಬುದು ಬಡ್ತಿಯ ಲೆಕ್ಕ ನೋಡಿದರೆ ತಿಳಿಯುತ್ತದೆ.

ಸರ್ಕಾರಿ ಬ್ಯಾಂಕಿನ ಅಧಿಕಾರಿ ವರ್ಗದಲ್ಲಿ ಸ್ಕೇಲ್ ಒಂದರಿಂದ ಸ್ಕೇಲ್ ಏಳರವರೆಗೆ ಮೆಟ್ಟಿಲುಗಳಿವೆ. ಸಹಾಯಕ ಮ್ಯಾನೇಜರ್, ಮ್ಯಾನೇಜರ್, ಚೀಫ್ ಮ್ಯಾನೇಜರ್ ದಾಟಿದ ಮೇಲೆ ಅಸಿಸ್ಟೆಂಟ್ ಜನರಲ್ ಮ್ಯಾನೇಜರ್, ಡೆಪ್ಯುಟಿ ಜನರಲ್ ಮ್ಯಾನೇಜರ್, ಜನರಲ್ ಮ್ಯಾನೇಜರ್. ಸ್ಟೇಟ್ ಬ್ಯಾಂಕಿನಲ್ಲಿ ಅದರ ಮೇಲೆ ಮತ್ತೆರಡು: ಚೀಫ್ ಜನರಲ್ ಮ್ಯಾನೇಜರ್, ಡೆಪ್ಯುಟಿ ಮ್ಯಾನೇಜಿಂಗ್ ಡೈರೆಕ್ಟರ್. ಅಲ್ಲಿಂದ ಮುಂದಿನ ಮ್ಯಾನೇಜಿಂಗ್ ಡೈರೆಕ್ಟರ್ ಮತ್ತು ಅಧ್ಯಕ್ಷ ಹುದ್ದೆಗಳಿಗೆ ನೇಮಕ ಮಾಡುವುದು ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ ಕೇಂದ್ರ ಸರ್ಕಾರ. ಒಂದು ಸ್ಕೇಲಿನಲ್ಲಿ ಇಂತಿಷ್ಟು ವರ್ಷ ಕೆಲಸ ಮಾಡಿದ ಹೊರತು ಮುಂದಿನದಕ್ಕೆ ಅರ್ಹತೆಯಿಲ್ಲ. ಅಧಿಕಾರಿಗಳ ನಿವೃತ್ತಿ 60ಕ್ಕೆ. ತುದಿಯ ಹುದ್ದೆಗೆ ಪರಿಗಣಿಸುವಾಗ ಕೈಯಲ್ಲಿ ಇನ್ನೂ ಎಷ್ಟು ವರ್ಷ ಸೇವೆ ಉಳಿದಿದೆಯೆಂಬುದೂ ಲೆಕ್ಕಕ್ಕೆ ಬರುತ್ತದೆ. ಈ ಮೂರನ್ನೂ ಸೇರಿಸಿದರೆ ಸಿಗುವ ಉತ್ತರ ಒಂದೇ: ಇಪ್ಪತ್ತೊಂದು ಇಪ್ಪತ್ತೆರಡಕ್ಕೆ ಸೇರಿ, ಎಲ್ಲೂ ನಿಲ್ಲದೆ, ಬಹುತೇಕ ಪ್ರತಿ ಬಡ್ತಿಯನ್ನೂ ಮೊದಲ ಅವಕಾಶದಲ್ಲೇ ಪಡೆದವರು ಮಾತ್ರ ಅಧ್ಯಕ್ಷ ಪೀಠದ ಹತ್ತಿರಕ್ಕೆ ಬರಬಲ್ಲರು. ಹೆರಿಗೆ, ಎಳೆಯ ಮಕ್ಕಳು, ವಯಸ್ಸಾದ ಅತ್ತೆ ಮಾವಂದಿರ ಆರೈಕೆ ಎಂದು ನಾಲ್ಕೈದು ವರ್ಷ ಹಿಂದೆ ಬಿದ್ದರೆ ಆ ವರ್ಷಗಳು ಮರಳಿ ಸಿಗುವುದಿಲ್ಲ. ನಿಯಮದಲ್ಲಿ ಎಲ್ಲೂ ಮಹಿಳೆಯರಿಗೆ ನಿಷೇಧವಿರಲಿಲ್ಲ. ಗಡಿಯಾರ ಮಾತ್ರ ಗಂಡಸಿನ ಬದುಕಿಗೆ ಹೊಂದಿಸಿದ್ದಾಗಿತ್ತು.

ವರ್ಗಾವಣೆ ಇದಕ್ಕಿಂತ ದೊಡ್ಡ ತೊಡಕು. ಬಡ್ತಿಯ ಆದೇಶದ ಬೆನ್ನಿಗೇ ವರ್ಗಾವಣೆಯ ಆದೇಶವೂ ಬರುವುದು ಬ್ಯಾಂಕಿನಲ್ಲಿ ವಾಡಿಕೆ. ಹಳ್ಳಿಯ ಶಾಖೆಯಲ್ಲಿ ಕೆಲಸ ಮಾಡಿರಬೇಕು, ಬೇರೆ ರಾಜ್ಯದಲ್ಲಿ ಮಾಡಿರಬೇಕು, ಆಡಳಿತ ಕಚೇರಿಯಲ್ಲಿ ಮಾಡಿರಬೇಕು. ಸಂಸ್ಥೆಯ ದೃಷ್ಟಿಯಿಂದ ಇದಕ್ಕೆ ಒಳ್ಳೆಯ ಕಾರಣಗಳಿವೆ: ಒಂದೇ ಊರಿನಲ್ಲಿ ಬೇರು ಬಿಟ್ಟರೆ ಸಾಲ ಮಂಜೂರಾತಿಯಲ್ಲಿ ದಾಕ್ಷಿಣ್ಯ ಬೆಳೆಯುತ್ತದೆ, ದೇಶವ್ಯಾಪಿ ಬ್ಯಾಂಕನ್ನು ನಡೆಸುವವರಿಗೆ ದೇಶ ಗೊತ್ತಿರಬೇಕು. ಆದರೆ ಗಂಡಸಿಗೆ ವರ್ಗವಾದಾಗ ಸಂಸಾರ ಹಿಂದೆ ಬರುತ್ತದೆ, ಇಲ್ಲವೇ ಹೆಂಡತಿ ಮನೆ ನೋಡಿಕೊಂಡು ಊರಲ್ಲೇ ಉಳಿಯುತ್ತಾಳೆ. ಹೆಂಗಸಿಗೆ ವರ್ಗವಾದಾಗ ಈ ಎರಡೂ ಅಷ್ಟು ಸಲೀಸಲ್ಲ. ಕ್ಲರ್ಕ್ ಹುದ್ದೆಯಲ್ಲಿರುವ ಎಷ್ಟೋ ಮಹಿಳೆಯರು ಅಧಿಕಾರಿ ಬಡ್ತಿಯ ಪರೀಕ್ಷೆಗೇ ಕೂರದಿರುವುದು, ಅಧಿಕಾರಿಗಳಾದವರೂ ಬಡ್ತಿ ಬೇಡವೆಂದು ಬರೆದುಕೊಡುವುದು ಬ್ಯಾಂಕ್ ನೌಕರರಿಗೆಲ್ಲ ಗೊತ್ತಿರುವ ಸಂಗತಿ. ಇದನ್ನು ಮಹತ್ವಾಕಾಂಕ್ಷೆಯ ಕೊರತೆಯೆಂದು ಕರೆದವರಿದ್ದಾರೆ. ಅದು ಅನ್ಯಾಯದ ಮಾತು. ಮನೆಯ ಲೆಕ್ಕವನ್ನೂ ಬ್ಯಾಂಕಿನ ಲೆಕ್ಕವನ್ನೂ ಒಬ್ಬರೇ ತಾಳೆ ಹಾಕಬೇಕಾಗಿ ಬಂದಾಗ ತೆಗೆದುಕೊಂಡ ತೀರ್ಮಾನ ಅದು.

ಅರುಂಧತಿ ಅವರ ವೃತ್ತಿಯಲ್ಲೂ ಈ ಘಟ್ಟ ಬಂದಿತ್ತು. ಅವರ ಪತಿ ಖರಗಪುರದ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದರು. ಪತಿಯ ಕೆಲಸ ಊರು ಬದಲಿಸುವಂಥದ್ದಾಗಿರಲಿಲ್ಲ. ಲಖನೌಗೆ ವರ್ಗವಾದಾಗ ಮಗಳಿಗೆ ತಕ್ಕ ಶಾಲೆ ಸಿಗದೆ ಕೆಲಸವನ್ನೇ ಬಿಡುವ ಯೋಚನೆಗೆ ಬಂದಿದ್ದಾಗಿಯೂ, ಹಿರಿಯರೊಬ್ಬರ ಬುದ್ಧಿಮಾತು ತಡೆಯಿತೆಂದೂ ಅವರು ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಮುಂದೆ ದೇಶದ ಅತಿ ದೊಡ್ಡ ಬ್ಯಾಂಕಿನ ಅಧ್ಯಕ್ಷರಾದವರು ಶಾಲೆಯೊಂದರ ಪ್ರವೇಶದ ಕಾರಣಕ್ಕೆ ಹೊರಟುಹೋಗುವುದರಲ್ಲಿದ್ದರು. ಅಂಥ ಬುದ್ಧಿಮಾತು ಹೇಳುವವರಿಲ್ಲದೆ ರಾಜೀನಾಮೆ ಬರೆದುಕೊಟ್ಟವರ ಹೆಸರು ಯಾವ ಬ್ಯಾಂಕಿನ ಚರಿತ್ರೆಯಲ್ಲೂ ದಾಖಲಾಗಿಲ್ಲ.

36 ವರ್ಷಗಳಲ್ಲಿ ಅವರು ದುಡಿದ ವಿಭಾಗಗಳ ಹರವು ದೊಡ್ಡದು: ವಿದೇಶಿ ವಿನಿಮಯ, ಟ್ರೆಷರಿ, ಚಿಲ್ಲರೆ ಬ್ಯಾಂಕಿಂಗ್, ಮಾನವ ಸಂಪನ್ಮೂಲ. ಕೆಲಕಾಲ ಬ್ಯಾಂಕಿನ ನ್ಯೂಯಾರ್ಕ್ ಕಚೇರಿಯಲ್ಲಿಯೂ ಇದ್ದರು. ಹೊಸ ಉದ್ಯಮಗಳ ಹೊಣೆ ಹೊತ್ತಾಗ ಎಸ್‌ಬಿಐ ಜನರಲ್ ಇನ್ಶೂರೆನ್ಸ್, ಹೂಡಿಕೆದಾರರ ಷೇರುಪತ್ರಗಳನ್ನು ಕಾಪಿಡುವ ಕಸ್ಟೋಡಿಯಲ್ ಸೇವೆ, ಮೂಲಸೌಕರ್ಯಕ್ಕೆ ಬಂಡವಾಳ ಹೂಡುವ ಮೆಕ್ವಾರಿ ನಿಧಿ ಇವುಗಳ ಆರಂಭದಲ್ಲಿ ಭಾಗಿಯಾದರು. ಎಸ್‌ಬಿಐ ಕ್ಯಾಪಿಟಲ್ ಮಾರ್ಕೆಟ್ಸ್ ಸಂಸ್ಥೆಯ ಮುಖ್ಯಸ್ಥೆಯಾಗಿದ್ದು, 2013ರ ಆಗಸ್ಟ್‌ನಲ್ಲಿ ಬ್ಯಾಂಕಿನ ಮ್ಯಾನೇಜಿಂಗ್ ಡೈರೆಕ್ಟರ್ ಮತ್ತು ಮುಖ್ಯ ಹಣಕಾಸು ಅಧಿಕಾರಿಯಾದರು. ಮಹಿಳೆಯರನ್ನು ಸಿಬ್ಬಂದಿ ವಿಭಾಗ, ತರಬೇತಿ, ಜನಸಂಪರ್ಕಗಳಿಗೆ ಸೀಮಿತಗೊಳಿಸುವ ರೂಢಿ ಎಲ್ಲ ದೊಡ್ಡ ಸಂಸ್ಥೆಗಳಲ್ಲೂ ಇದೆ. ಅವರು ಸಿಬ್ಬಂದಿ ವಿಭಾಗವನ್ನೂ ನೋಡಿದರು. ಆದರೆ ಹಣ ಬರುವ, ಹಣ ಮುಳುಗುವ ವಿಭಾಗಗಳಲ್ಲಿ ಕೆಲಸ ಮಾಡಿದ್ದರಿಂದಲೇ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿಗೆ ತೂಕ ಬಂತೆಂದು ಹೇಳಬೇಕು. ಅಧ್ಯಕ್ಷರಾಗಿದ್ದ ಪ್ರತೀಪ್ ಚೌಧುರಿ 2013ರ ಸೆಪ್ಟೆಂಬರ್ ಕೊನೆಗೆ ನಿವೃತ್ತರಾದಾಗ ಆ ಸ್ಥಾನ ಅರುಂಧತಿ ಅವರಿಗೆ ಬಂತು.

ಆ ವೇಳೆಗೆ ಬೇರೆ ಸಂಸ್ಥೆಗಳಲ್ಲಿ ದಾರಿ ಸ್ವಲ್ಪ ಸವೆದಿತ್ತು. ತರ್ಜನಿ ವಕೀಲ್ 1993ರಲ್ಲಿ ಎಕ್ಸಿಮ್ ಬ್ಯಾಂಕಿನ ಅಧ್ಯಕ್ಷೆಯಾಗಿದ್ದರು. 1966ರಲ್ಲಿ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿದ್ದ ರಂಜನಾ ಕುಮಾರ್, ಬೆಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದು, 2000ದಲ್ಲಿ ಚೆನ್ನೈನ ಇಂಡಿಯನ್ ಬ್ಯಾಂಕಿನ ಹೊಣೆ ಹೊತ್ತರು. ರಾಷ್ಟ್ರೀಕೃತ ಬ್ಯಾಂಕೊಂದರ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು. ಕೈಗೆ ಬಂದದ್ದು ಸುಸ್ಥಿತಿಯ ಬ್ಯಾಂಕಲ್ಲ: 1995-96ರ ಒಂದೇ ವರ್ಷ ₹1,336 ಕೋಟಿ ನಷ್ಟ ಮಾಡಿ, ಆಮೇಲೂ ಚೇತರಿಸದೆ, ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿದ್ದ ಬ್ಯಾಂಕು. ಸ್ವಯಂ ನಿವೃತ್ತಿ ಯೋಜನೆ, ಶಾಖೆಗಳ ಮರುಜೋಡಣೆ, ಹಳೆಯ ಸಾಲಗಳ ವಸೂಲಿ ಇವುಗಳಿಂದ ಅದನ್ನು ಲಾಭಕ್ಕೆ ಮರಳಿಸಿದ ಅವರು 2003ರಲ್ಲಿ ನಬಾರ್ಡ್ ಅಧ್ಯಕ್ಷೆಯಾದರು. ಅದೇ ವರ್ಷ ಕೆ. ಜೆ. ಉದೇಶಿ ರಿಸರ್ವ್ ಬ್ಯಾಂಕಿನ ಮೊದಲ ಮಹಿಳಾ ಡೆಪ್ಯುಟಿ ಗವರ್ನರ್ ಆದರು. ಶ್ಯಾಮಲಾ ಗೋಪಿನಾಥ್, ಉಷಾ ಥೋರಟ್ ಹಿಂದೆಯೇ ಬಂದರು. 2012ರಲ್ಲಿ ಅಲಹಾಬಾದ್ ಬ್ಯಾಂಕಿಗೆ ಶುಭಲಕ್ಷ್ಮೀ ಪಾನ್ಸೆ, ಬ್ಯಾಂಕ್ ಆಫ್ ಇಂಡಿಯಾಕ್ಕೆ ವಿಜಯಲಕ್ಷ್ಮೀ ಅಯ್ಯರ್ ಮುಖ್ಯಸ್ಥೆಯರಾದರು.

ಖಾಸಗಿ ವಲಯದ ವೇಗ ಬೇರೆ. 1984ರಲ್ಲಿ ಐಸಿಐಸಿಐಗೆ ತರಬೇತಿ ಅಧಿಕಾರಿಯಾಗಿ ಸೇರಿದ ಚಂದಾ ಕೋಚರ್ 2009ರಲ್ಲಿ ಬ್ಯಾಂಕಿನ ಮುಖ್ಯಸ್ಥೆಯಾದರು, 25 ವರ್ಷದಲ್ಲಿ. ಸೇವಾವಧಿಯನ್ನು ಎಣಿಸದೆ ಕೆಲಸ ನೋಡಿ ಮೇಲಕ್ಕೆತ್ತುವ ಪದ್ಧತಿ ಅಲ್ಲಿತ್ತು. ರಂಜನಾ ಕುಮಾರ್ ಅವರಿಗೆ ಹಿಡಿದದ್ದು 34 ವರ್ಷ, ಅರುಂಧತಿ ಅವರಿಗೆ 36.

ಅಧ್ಯಕ್ಷರಾದಾಗ ಅವರ ಮುಂದಿದ್ದ ಮುಖ್ಯ ಸಮಸ್ಯೆ ವಸೂಲಾಗದ ಸಾಲ. ಅದಕ್ಕೂ ಹಿಂದಿನ ದಶಕದಲ್ಲಿ ವಿದ್ಯುತ್, ಉಕ್ಕು, ರಸ್ತೆ, ದೂರಸಂಪರ್ಕ ಯೋಜನೆಗಳಿಗೆ ಸರ್ಕಾರಿ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟಿದ್ದವು. ಕಲ್ಲಿದ್ದಲು ಹಂಚಿಕೆ ರದ್ದಾಯಿತು, ಭೂಸ್ವಾಧೀನ ನಿಂತಿತು, ಉಕ್ಕಿನ ಬೆಲೆ ಕುಸಿಯಿತು. ಕಂತು ಬರುವುದು ನಿಂತರೂ ಸಾಲಗಳನ್ನು ಮರುಹೊಂದಾಣಿಕೆಯ ಹೆಸರಿನಲ್ಲಿ ಸುಸ್ಥಿತಿಯಲ್ಲಿವೆಯೆಂದು ತೋರಿಸುವುದು ನಡೆದಿತ್ತು. 2015ರಲ್ಲಿ ಗವರ್ನರ್ ರಘುರಾಮ್ ರಾಜನ್ ಅವರ ಕಾಲದಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ದೊಡ್ಡ ಬ್ಯಾಂಕುಗಳ ಸಾಲದ ಕಡತಗಳನ್ನು ಮರುಪರಿಶೀಲಿಸಿ, ಮುಚ್ಚಿಟ್ಟದ್ದನ್ನು ಲೆಕ್ಕಕ್ಕೆ ತರಿಸಿತು. ಸ್ಟೇಟ್ ಬ್ಯಾಂಕಿನ ಒಟ್ಟು ಅನುತ್ಪಾದಕ ಸಾಲ 2016ರ ಮಾರ್ಚ್ ಕೊನೆಗೆ ಸುಮಾರು ₹98,000 ಕೋಟಿ ತಲುಪಿತು. 2014-15ರಲ್ಲಿ ₹13,102 ಕೋಟಿ ಇದ್ದ ನಿವ್ವಳ ಲಾಭ ಮರುವರ್ಷ ₹9,951 ಕೋಟಿಗೆ ಇಳಿಯಿತು. ಆ ವರ್ಷ ಹಲವು ಸರ್ಕಾರಿ ಬ್ಯಾಂಕುಗಳು ನಷ್ಟ ತೋರಿಸಿದ್ದವು. ಸ್ಟೇಟ್ ಬ್ಯಾಂಕ್ ಲಾಭದಲ್ಲಿ ಉಳಿದದ್ದು ಸಣ್ಣ ಸಂಗತಿಯಲ್ಲ.

ವಸೂಲಿಯ ಪ್ರಕರಣಗಳಲ್ಲಿ ಕನ್ನಡಿಗರಿಗೆ ಚಿರಪರಿಚಿತವಾದದ್ದು ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್‌ನದು. ಸಾಲ ಕೊಟ್ಟ 17 ಬ್ಯಾಂಕುಗಳ ಒಕ್ಕೂಟದ ಮುಂದಾಳು ಸ್ಟೇಟ್ ಬ್ಯಾಂಕ್. ಸಾಲ ಮಂಜೂರಾದದ್ದು ಅರುಂಧತಿ ಅಧ್ಯಕ್ಷರಾಗುವ ಮುನ್ನ, ವಸೂಲಿಯ ಹೊಣೆ ಮಾತ್ರ ಅವರ ಪಾಲಿಗೆ ಬಂತು. ಆ ವಿಮಾನ ಸಂಸ್ಥೆಯ ಒಡೆಯ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟ ಮೇಲೆ, 2017ರ ಜನವರಿಯಲ್ಲಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ ₹6,203 ಕೋಟಿಯನ್ನು ಬಡ್ಡಿ ಸಮೇತ ವಸೂಲು ಮಾಡಲು ಒಕ್ಕೂಟಕ್ಕೆ ಅನುಮತಿ ಕೊಟ್ಟಿತು.

ಅರುಂಧತಿ ಅವರ ಅವಧಿಯ ಅತಿ ದೊಡ್ಡ ಸಾಂಸ್ಥಿಕ ಬದಲಾವಣೆ 2017ರ ಏಪ್ರಿಲ್ 1ರ ವಿಲೀನ. ಬಿಕಾನೇರ್ ಮತ್ತು ಜೈಪುರ, ಹೈದರಾಬಾದ್, ಮೈಸೂರು, ಪಟಿಯಾಲ, ತಿರುವಾಂಕೂರು ಈ ಐದು ಸಹವರ್ತಿ ಬ್ಯಾಂಕುಗಳೂ ಭಾರತೀಯ ಮಹಿಳಾ ಬ್ಯಾಂಕೂ ಅಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋದವು. ಸೌರಾಷ್ಟ್ರ ಮತ್ತು ಇಂದೋರ್ ಬ್ಯಾಂಕುಗಳನ್ನು ಈ ಹಿಂದೆ ಒಂದೊಂದಾಗಿ ಸೇರಿಸಿಕೊಂಡಿದ್ದರೂ ಐದನ್ನು ಒಟ್ಟಿಗೆ ಸೇರಿಸಿದ್ದು ಹಿಂದೆಂದೂ ನಡೆಯದ ಕೆಲಸ. ಗ್ರಾಹಕರ ಸಂಖ್ಯೆ ಸುಮಾರು 37 ಕೋಟಿಗೂ ಶಾಖೆಗಳು ಸುಮಾರು 24,000ಕ್ಕೂ ಏರಿದವು. ಆಸ್ತಿಯ ಲೆಕ್ಕದಲ್ಲಿ ಬ್ಯಾಂಕು ಪ್ರಪಂಚದ ಮೊದಲ 50ರ ಸಾಲಿಗೆ ಬಂತು. ಐದು ಬ್ಯಾಂಕುಗಳ ಖಾತೆ ಸಂಖ್ಯೆ, ಸಿಬ್ಬಂದಿಯ ಜ್ಯೇಷ್ಠತೆ, ಪಿಂಚಣಿ ನಿಯಮ ಎಲ್ಲವನ್ನೂ ಒಂದು ಮಾಡಬೇಕಾಗಿತ್ತು. ಒಂದೇ ಬೀದಿಯಲ್ಲಿ ಎದುರುಬದುರು ಇದ್ದ ಶಾಖೆಗಳಲ್ಲಿ ಯಾವುದನ್ನು ಉಳಿಸುವುದೆಂದು ತೀರ್ಮಾನಿಸಬೇಕಾಗಿತ್ತು.

ಕರ್ನಾಟಕಕ್ಕೆ ಇದು ಬರಿಯ ಆಡಳಿತದ ಸುದ್ದಿಯಾಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಶಿಫಾರಸಿನಂತೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಲ್ಲಿ ಸ್ಥಾಪನೆಯಾದ ಬ್ಯಾಂಕು ಮೈಸೂರು ಬ್ಯಾಂಕ್. ಹಳೆ ಮೈಸೂರಿನ ಜಿಲ್ಲೆಗಳಲ್ಲಿ ಸರ್ಕಾರಿ ನೌಕರರ ಸಂಬಳ, ನಿವೃತ್ತರ ಪಿಂಚಣಿ, ಕಾಫಿ ಮತ್ತು ರೇಷ್ಮೆ ಬೆಳೆಗಾರರ ಸಾಲ ಎಲ್ಲಕ್ಕೂ ಜನ ಹೋಗುತ್ತಿದ್ದದ್ದು ಮೈಸೂರು ಬ್ಯಾಂಕಿಗೆ. ನೂರು ವರ್ಷ ತುಂಬಿದ ನಾಲ್ಕನೇ ವರ್ಷಕ್ಕೆ ಹೆಸರು ಅಳಿಸಿತು. ನೌಕರರ ಸಂಘಗಳು ವಿರೋಧಿಸಿದವು, ಮುಷ್ಕರ ನಡೆಯಿತು, ಕನ್ನಡದಲ್ಲಿ ವ್ಯವಹರಿಸುವ ಸಿಬ್ಬಂದಿ ಕಡಿಮೆಯಾಗುವರೆಂಬ ಆತಂಕ ಕೇಳಿಬಂತು. ವಿಲೀನದಿಂದ ಬಂಡವಾಳ ಮತ್ತು ತಂತ್ರಜ್ಞಾನದ ಬಲ ಬಂತೆಂಬುದು ನಿಜ. ಊರಿನ ಮ್ಯಾನೇಜರಿಗೆ ಊರಿನ ಗ್ರಾಹಕ ಗೊತ್ತಿದ್ದ ಬ್ಯಾಂಕೊಂದು ಹೋಯಿತೆಂಬುದೂ ಅಷ್ಟೇ ನಿಜ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ವೃತ್ತವನ್ನು ಜನ ಈಗಲೂ ಮೈಸೂರು ಬ್ಯಾಂಕ್ ವೃತ್ತವೆಂದೇ ಕರೆಯುತ್ತಾರೆ.

ಅದೇ ದಿನ ವಿಲೀನವಾದ ಭಾರತೀಯ ಮಹಿಳಾ ಬ್ಯಾಂಕಿನ ಕಥೆಯನ್ನು ಇಲ್ಲಿ ಜೊತೆಗಿಟ್ಟು ನೋಡಬೇಕು. 2013ರ ಬಜೆಟ್‌ನಲ್ಲಿ ₹1,000 ಕೋಟಿ ಬಂಡವಾಳ ಪ್ರಕಟಿಸಿ, ಅದೇ ನವೆಂಬರ್ 19ರಂದು ಮುಂಬೈಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಉದ್ಘಾಟಿಸಿದ ಬ್ಯಾಂಕು ಅದು. ಉಷಾ ಅನಂತಸುಬ್ರಮಣಿಯನ್ ಮೊದಲ ಮುಖ್ಯಸ್ಥೆ. ಮಹಿಳೆಯರಿಗೆಂದೇ ಬ್ಯಾಂಕು ಸ್ಥಾಪಿಸುವ ಉದ್ದೇಶ ಒಳ್ಳೆಯದಿದ್ದರೂ ಸೀಮಿತ ಸಂಖ್ಯೆಯ ಶಾಖೆಗಳಿಂದ ದೇಶದ ಮಹಿಳೆಯರನ್ನು ತಲುಪುವುದು ಆಗದ ಮಾತು. ನಾಲ್ಕು ವರ್ಷ ತುಂಬುವ ಮುನ್ನವೇ ಅದು ಮಹಿಳೆಯೊಬ್ಬರು ನಡೆಸುತ್ತಿದ್ದ, ಎಲ್ಲರಿಗೂ ಸೇರಿದ ಬ್ಯಾಂಕಿನಲ್ಲಿ ಲೀನವಾಯಿತು.

ಈ ವಿಲೀನಕ್ಕೆ ಕೆಲವು ತಿಂಗಳ ಮುಂಚೆ, 2016ರ ನವೆಂಬರ್ 8ರ ರಾತ್ರಿ, ₹500 ಮತ್ತು ₹1,000ದ ನೋಟುಗಳ ರದ್ದತಿ ಪ್ರಕಟವಾದಾಗ ಚಲಾವಣೆಯಲ್ಲಿದ್ದ ಹಣದ ಶೇ. 86ರಷ್ಟು ಒಮ್ಮೆಗೇ ನಿರುಪಯುಕ್ತವಾಯಿತು. ಹೆಚ್ಚು ಶಾಖೆಗಳಿದ್ದ ಸ್ಟೇಟ್ ಬ್ಯಾಂಕಿನ ಮೇಲೆ ಹೆಚ್ಚು ಹೊರೆ ಬಿತ್ತು. ಆ ವಾರಗಳಲ್ಲಿ ತಡರಾತ್ರಿಯವರೆಗೆ ನೋಟು ಎಣಿಸಿದ ಕೌಂಟರ್ ಸಿಬ್ಬಂದಿಯ ದುಡಿಮೆಯನ್ನು ಯಾವ ಸಂಸ್ಥಾ ಚರಿತ್ರೆಯೂ ಮರೆಯಬಾರದು.

ಟೀಕೆಗಳೂ ಬಂದವು. 2017ರ ಮಾರ್ಚ್‌ನಲ್ಲಿ ರೈತರ ಸಾಲ ಮನ್ನಾದಿಂದ ಸಾಲದ ಶಿಸ್ತು ಕೆಡುತ್ತದೆಂದು ಅರುಂಧತಿ ಹೇಳಿದ್ದು ಮಹಾರಾಷ್ಟ್ರದಲ್ಲಿ ತೀವ್ರ ಆಕ್ರೋಶಕ್ಕೆ ಕಾರಣವಾಯಿತು. ಅದೇ ಏಪ್ರಿಲ್‌ನಿಂದ ಉಳಿತಾಯ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲದಿದ್ದರೆ ದಂಡ ವಿಧಿಸುವ ನಿಯಮ ಮರಳಿ ಬಂತು. ಮಹಾನಗರಗಳಲ್ಲಿ ₹5,000 ಇಡಬೇಕಿತ್ತು. ಬಡ ಠೇವಣಿದಾರರ ಮೇಲೆ ಬಿದ್ದ ಈ ಹೊರೆಗೆ ಸಮರ್ಥನೆ ಕೊಡುವುದು ಕಷ್ಟ. ವಿರೋಧದ ನಂತರ ಅಕ್ಟೋಬರ್‌ನಿಂದ ಅದನ್ನು ₹3,000ಕ್ಕೆ ಇಳಿಸಲಾಯಿತು. 2020ರಲ್ಲಿ ದಂಡವನ್ನೇ ಪೂರ್ತಿ ಕೈಬಿಡಲಾಯಿತು.

ಮಹಿಳಾ ಸಿಬ್ಬಂದಿಯ ವಿಷಯದಲ್ಲಿ ಅವರು ಮಾಡಿದ ಕೆಲಸ ಸದ್ದಿಲ್ಲದ್ದು, ಆದರೆ ಏಣಿಯ ದೋಷವನ್ನು ನೇರವಾಗಿ ಮುಟ್ಟುವಂಥದ್ದು. ಮಕ್ಕಳ ಅಥವಾ ವೃದ್ಧರ ಆರೈಕೆಗೆಂದು ಮಹಿಳೆಯರು ಎರಡು ವರ್ಷದವರೆಗೆ ಕೆಲಸದಿಂದ ಬಿಡುವು ಪಡೆದು ಮರಳಿ ಬರುವ ಅವಕಾಶ ಜಾರಿಗೆ ಬಂತು. ರಾಜೀನಾಮೆಯ ಬದಲು ರಜೆ ಎಂಬ ಆಯ್ಕೆ ಸಿಕ್ಕಿತು. ಮಹಿಳಾ ಸಿಬ್ಬಂದಿಗೆ ಗರ್ಭಕಂಠದ ಕ್ಯಾನ್ಸರ್ ವಿರುದ್ಧ ಉಚಿತ ಲಸಿಕೆ ಹಾಕಿಸುವ ಯೋಜನೆಯೂ ಬಂತು. ಇದೇ ಕಾಲದಲ್ಲಿ, 2014ರ ಆಗಸ್ಟ್‌ನಲ್ಲಿ, ಮಹಿಳಾ ನೌಕರರನ್ನು ಸಾಧ್ಯವಾದಷ್ಟೂ ಪತಿ ಅಥವಾ ತಂದೆತಾಯಿ ಇರುವ ಊರಿಗೆ ಹತ್ತಿರ ನಿಯೋಜಿಸುವಂತೆ ಹಣಕಾಸು ಸಚಿವಾಲಯ ಎಲ್ಲ ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿತು. ಇದರಿಂದ ಕೆಲಸ ಬಿಡುವವರು ಕಡಿಮೆಯಾಗಬಹುದು. ಆದರೆ ಊರೂರಿನ ಅನುಭವಕ್ಕೆ ಅಂಕ ಕೊಡುವ ಬಡ್ತಿ ಪದ್ಧತಿ ಹಾಗೇ ಇದ್ದರೆ, ಮನೆಯ ಹತ್ತಿರ ಉಳಿದ ವರ್ಷಗಳು ಮುಂದೆ ತೊಡಕಾಗದೆ ಇರುವುದಿಲ್ಲ. ಸವಲತ್ತಿನ ಜೊತೆಗೆ ಬಡ್ತಿಯ ಅಳತೆಗೋಲೂ ಬದಲಾಗಬೇಕಾಗಿತ್ತು.

ಸಂಸ್ಥೆಯ ಅಭ್ಯಾಸ ಒಬ್ಬರ ಅಧ್ಯಕ್ಷಾವಧಿಯಲ್ಲಿ ಬದಲಾಗುವುದಿಲ್ಲವೆಂಬುದಕ್ಕೆ 2022ರ ಒಂದು ಪ್ರಸಂಗ ನಿದರ್ಶನ. ಆರು ತಿಂಗಳವರೆಗಿನ ಗರ್ಭಿಣಿಯರೂ ಕೆಲಸಕ್ಕೆ ಸೇರಬಹುದೆಂದು ಸ್ಟೇಟ್ ಬ್ಯಾಂಕಿನಲ್ಲಿ 2009ರಿಂದ ನಿಯಮವಿತ್ತು. 2021ರ ಡಿಸೆಂಬರ್ ಕೊನೆಯಲ್ಲಿ ಬಂದ ಹೊಸ ಸುತ್ತೋಲೆ, ಮೂರು ತಿಂಗಳು ಮೀರಿದ ಗರ್ಭಿಣಿಯರನ್ನು ತಾತ್ಕಾಲಿಕವಾಗಿ ಅನರ್ಹರೆಂದು ಪರಿಗಣಿಸಿ, ಹೆರಿಗೆಯಾದ ನಾಲ್ಕು ತಿಂಗಳೊಳಗೆ ಸೇರಲು ಅವಕಾಶ ಕೊಡಬಹುದೆಂದಿತು. ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟಿತು, ನೌಕರರ ಸಂಘಟನೆಗಳು ಪ್ರತಿಭಟಿಸಿದವು. 2022ರ ಜನವರಿ 29ರಂದು ಬ್ಯಾಂಕು ಸುತ್ತೋಲೆಯನ್ನು ತಡೆಹಿಡಿಯಿತು. ಮಹಿಳೆಯೊಬ್ಬರು ಅಧ್ಯಕ್ಷರಾಗಿ ನಾಲ್ಕು ವರ್ಷ ನಡೆಸಿದ ಬ್ಯಾಂಕಿನಲ್ಲಿಯೇ ಇದು ನಡೆಯಿತು.

ಮೂರು ವರ್ಷಕ್ಕೆ ನಿಗದಿಯಾಗಿದ್ದ ಅರುಂಧತಿ ಅವರ ಅವಧಿಯನ್ನು ವಿಲೀನದ ಕೆಲಸ ನಡೆಯುತ್ತಿದ್ದಾಗ ಒಂದು ವರ್ಷ ವಿಸ್ತರಿಸಲಾಯಿತು. 2017ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು. 2016ರಲ್ಲಿ ಫೋರ್ಬ್ಸ್ ಪತ್ರಿಕೆಯ ಪ್ರಭಾವಿ ಮಹಿಳೆಯರ ಪಟ್ಟಿಯಲ್ಲಿ 25ನೆಯ ಸ್ಥಾನ, 2025ರಲ್ಲಿ ಪದ್ಮಶ್ರೀ ಬಂದವು. 2020ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿಯ ಭಾರತ ವಿಭಾಗದ ಮುಖ್ಯಸ್ಥೆಯಾದರು.

ಅವರ ನಂತರ ರಜನೀಶ್ ಕುಮಾರ್, ದಿನೇಶ್ ಖಾರಾ, ಸಿ. ಎಸ್. ಶೆಟ್ಟಿ ಕ್ರಮವಾಗಿ ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾದರು. ಬ್ಯಾಂಕಿನ ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದ ಅಂಶುಲಾ ಕಾಂತ್ 2019ರಲ್ಲಿ ವಿಶ್ವ ಬ್ಯಾಂಕಿನ ಹಣಕಾಸು ಮುಖ್ಯಸ್ಥೆಯಾಗಿ ಹೋದರು. ಇಂಡಿಯನ್ ಬ್ಯಾಂಕಿಗೆ 2018ರಲ್ಲಿ ಬಂದ ಪದ್ಮಜಾ ಚುಂಡೂರು ಕೂಡ ಸ್ಟೇಟ್ ಬ್ಯಾಂಕಿನಲ್ಲಿ ಬೆಳೆದವರು. ಕರ್ನಾಟಕದ ಬ್ಯಾಂಕುಗಳಲ್ಲಿ ತಯಾರಾದವರ ಪೈಕಿ ಎ. ಮಣಿಮೇಖಲೈ ಮುಖ್ಯರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಬಿಎ ಮಾಡಿದ ಅವರು 1988ರಲ್ಲಿ ವಿಜಯಾ ಬ್ಯಾಂಕಿಗೆ ಅಧಿಕಾರಿಯಾಗಿ ಸೇರಿ, ಕೆನರಾ ಬ್ಯಾಂಕಿನ ಕಾರ್ಯನಿರ್ವಾಹಕ ನಿರ್ದೇಶಕರಾಗಿ, 2022ರ ಜೂನ್‌ನಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದ ಮುಖ್ಯಸ್ಥೆಯಾದರು. ಅವರು ಸೇರಿದ್ದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿತ್ತು. ಅವರು ನಡೆಸಿದ ಯೂನಿಯನ್ ಬ್ಯಾಂಕಿನಲ್ಲಿ 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಸೇರಿತ್ತು. ಅಧಿಕಾರಿಯ ಮೊದಲ ಮೆಟ್ಟಿಲಿನಿಂದ ಮುಖ್ಯಸ್ಥೆಯ ಹುದ್ದೆಗೆ ಬರಲು ಅವರಿಗೆ ಹಿಡಿದದ್ದು 34 ವರ್ಷ, ರಂಜನಾ ಕುಮಾರ್ ಅವರಿಗೆ ಹಿಡಿದಷ್ಟೇ.